ವೇವರ್, ವೀವರ್ ಮತ್ತು ನನ್ನ ಎರಡು ವರ್ಷ

ಹೋದ ವಾರ ಫೈನಲ್ ಲಿಸ್ಟ್ ಬಂತು. ಅದರಲ್ಲಿ ನನ್ನ ರೋಲ್ ನಂಬರ್ ಇದೆ. ಸ್ಟಾಫ್ ಸೆಲೆಕ್ಷನ್ ಕಮಿಷನ್‌ನ ಸ್ಟೆನೋಗ್ರಾಫರ್ ಗ್ರೇಡ್ ಡಿ ಪರೀಕ್ಷೆ, ಎರಡನೇ ಸಲ. ಅಪ್ಪ ಆ ಪಿಡಿಎಫ್ ಅನ್ನು ಫೋನಿನಲ್ಲಿ ದೊಡ್ಡದು ಮಾಡಿ, ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ಓದಿದರು. ಆಮೇಲೆ ಒಳಗೆ ಹೋಗಿ ಲೂಮ್ ಬಂದ್ ಮಾಡಿ ಬಂದು ನನ್ನ ಪಕ್ಕ ಕೂತರು. ಕರೆಂಟ್ ಇರುವಾಗ ಅವರು ಲೂಮ್ ನಿಲ್ಲಿಸಿದ್ದನ್ನು ನಾನು ನೋಡಿದ್ದೇ ಕಡಿಮೆ.

ನಮ್ಮದು ಬನಹಟ್ಟಿ. ಮನೆಯಲ್ಲಿ ಎರಡು ಪವರ್‌ಲೂಮ್. ಅವ್ವ ಕಂಡಕಿ, ಅಂದರೆ ಲೂಮಿಗೆ ಹಾಕುವ ನೂಲಿನ ಉರುಳೆ, ಸುತ್ತುತ್ತಾಳೆ. ನಾನು ಒಂದನೇ ಕ್ಲಾಸಿನಿಂದ ಬಿಎವರೆಗೆ ಕನ್ನಡ ಮಾಧ್ಯಮ. ಇದನ್ನು ಬರೆಯುತ್ತಿರುವುದು ನನ್ನ ಹಾಗೆ ಓದಿ ಬಂದು ಇಂಗ್ಲಿಷ್ ಪರೀಕ್ಷೆಗೆ ಕೂತಿರುವವರಿಗಾಗಿ. ಒಂದೇ ಥರ ಕೇಳಿಸುವ, ಒಂದೇ ಥರ ಕಾಣುವ ಇಂಗ್ಲಿಷ್ ಪದಗಳು ನನ್ನ ಒಂದು ಇಡೀ ವರ್ಷ ನುಂಗಿದವು. ನಿಮ್ಮದು ಉಳಿಯಲಿ ಅಂತ ನನ್ನ ಆಸೆ.

ಮೊದಲು ಪರೀಕ್ಷೆಯ ಬಗ್ಗೆ ಸ್ವಲ್ಪ ಹೇಳುತ್ತೇನೆ. ಪಿಯುಸಿ ಆದವರು ಇದಕ್ಕೆ ಕೂಡಬಹುದು. ಫೀ 100 ರೂಪಾಯಿ, ಆದರೆ ಹೆಣ್ಣುಮಕ್ಕಳಿಗೆ ಫೀ ಇಲ್ಲ. ಮೊದಲ ಹಂತ ಕಂಪ್ಯೂಟರ್ ಪರೀಕ್ಷೆ. 200 ಪ್ರಶ್ನೆ, 2 ಗಂಟೆ. ಅದರಲ್ಲಿ 100 ಪ್ರಶ್ನೆ ಬರೀ ಇಂಗ್ಲಿಷ್. ಒಂದು ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ. ಅದರಲ್ಲಿ ಪಾಸಾಗಿ ಕರೆ ಬಂದರೆ ಸ್ಕಿಲ್ ಟೆಸ್ಟ್. 10 ನಿಮಿಷ ಡಿಕ್ಟೇಷನ್ ಕೊಡುತ್ತಾರೆ, ನಿಮಿಷಕ್ಕೆ 80 ಪದ. ಶಾರ್ಟ್‌ಹ್ಯಾಂಡ್‌ನಲ್ಲಿ, ಅಂದರೆ ಬೇಗ ಬರೆಯಲು ಇರುವ ಗೆರೆಗಳ ಲಿಪಿಯಲ್ಲಿ, ಬರೆದುಕೊಂಡ ಆ 800 ಪದವನ್ನು 50 ನಿಮಿಷದಲ್ಲಿ ಕಂಪ್ಯೂಟರಿನಲ್ಲಿ ಇಂಗ್ಲಿಷಿಗೆ ಬಿಡಿಸಿ ಟೈಪ್ ಮಾಡಬೇಕು. ಹಿಂದಿಯಲ್ಲೂ ಬರೆಯಬಹುದು, ಕನ್ನಡದಲ್ಲಿ ಇಲ್ಲ.

ಶಾರ್ಟ್‌ಹ್ಯಾಂಡ್ ಕಲಿಯಲು ಬೆಳಗಾವಿಗೆ ಹೋದೆ. ತಿಲಕವಾಡಿಯಲ್ಲಿ ಮೂವರು ಹುಡುಗಿಯರು ಒಂದು ಖೋಲಿ ಹಿಡಿದಿದ್ದೆವು. ನನ್ನ ಪಾಲಿಗೆ ತಿಂಗಳಿಗೆ 1,800 ರೂಪಾಯಿ ಬಾಡಿಗೆ. ಕ್ಲಾಸಿನ ಫೀ 700. ಅಡಿಗೆ ನಾವೇ ಮಾಡಿಕೊಳ್ಳುತ್ತಿದ್ದೆವು, ರೊಟ್ಟಿ ಮಾತ್ರ ಊರಿಂದ ಬರುತ್ತಿತ್ತು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಬಸ್ಸಿಗೆ ದುಡ್ಡು ಹೋಗಲಿಲ್ಲ. ಮಹಾಲಿಂಗಪುರ, ಗೋಕಾಕ ದಾಟಿ ಬೆಳಗಾವಿಗೆ ಎರಡು ವಾರಕ್ಕೊಮ್ಮೆ ಓಡಾಡಿದರೂ ಖರ್ಚು ಇಲ್ಲ. ಇದು ಇರದಿದ್ದರೆ ಅಷ್ಟು ಸಲ ಮನೆಗೆ ಬರಲು ಆಗುತ್ತಿರಲಿಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಮಾತ್ರ ಕೈಯಲ್ಲೇ ಇಟ್ಟುಕೊಳ್ಳಿ.

ಶಾರ್ಟ್‌ಹ್ಯಾಂಡ್ ಮೊದಮೊದಲು ನನಗೆ ತುಂಬಾ ಸಲೀಸು ಅನಿಸಿತು. ನಾವು ಕಲಿಯುವುದು ಐಸಾಕ್ ಪಿಟ್‌ಮನ್ 1837ರಲ್ಲಿ ಇಂಗ್ಲೆಂಡಿನಲ್ಲಿ ಹೊರತಂದ ಪದ್ಧತಿ. ಅದರಲ್ಲಿ ಸ್ಪೆಲಿಂಗ್ ನೋಡುವುದಿಲ್ಲ. ಕಿವಿಗೆ ಕೇಳಿದ ಸದ್ದನ್ನು ಬರೆಯುವುದು. ಪ ಅಂದರೆ ತೆಳು ಗೆರೆ, ಬ ಅಂದರೆ ಅದೇ ಗೆರೆ ದಪ್ಪ. ಟ ತೆಳು, ಡ ದಪ್ಪ. ಕನ್ನಡವನ್ನೂ ನಾವು ಕೇಳಿದ ಹಾಗೇ ಬರೆಯುತ್ತೇವೆ ಅಲ್ವಾ? ಹಾಗಾಗಿ ಇಂಗ್ಲಿಷ್ ಮಾಧ್ಯಮದಿಂದ ಬಂದವರಿಗಿಂತ ನನ್ನ ಕೈ ಬೇಗ ಓಡಿತು. ನಾಲ್ಕೇ ತಿಂಗಳಲ್ಲಿ 60ರ ಸ್ಪೀಡ್ ಬಂತು. ಸರ್ ಎಲ್ಲರ ಮುಂದೆ ನನ್ನ ನೋಟ್‌ಬುಕ್ ಎತ್ತಿ ತೋರಿಸಿದರು. ಆ ದಿನ ಸಂಜೆ ಮನೆಗೆ ಫೋನ್ ಮಾಡಿ ಹೇಳಿಕೊಂಡೆ.

ತೊಂದರೆ ಶುರುವಾಗಿದ್ದು ಬಿಡಿಸಿ ಬರೆಯುವಾಗ. ಸದ್ದನ್ನು ಬರೆದುಕೊಂಡಿದ್ದೇನೆ, ಸರಿ. ಆ ಸದ್ದು ಯಾವ ಪದದ್ದು?

ಪ್ರಿನ್ಸಿಪಲ್ ಅಂತ ಒಂದು ಪದ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಅದು ಎರಡು ಪದ. ಒಂದರ ಕೊನೆಗೆ ಎ-ಎಲ್, ಇನ್ನೊಂದರ ಕೊನೆಗೆ ಎಲ್-ಇ. ಮೊದಲನೆಯದು ಮುಖ್ಯ, ಮುಖ್ಯಸ್ಥ, ಸಾಲದ ಅಸಲು. ಎರಡನೆಯದು ತತ್ವ, ನಿಯಮ. ಪಿಟ್‌ಮನ್‌ನಲ್ಲಿ ಎರಡಕ್ಕೂ ಒಂದೇ ಗುರುತು. ಕನ್ನಡ ಅಕ್ಷರದಲ್ಲೂ ಎರಡೂ ಒಂದೇ. ಕೌನ್ಸಿಲ್, ಕೌನ್ಸೆಲ್ ಕೂಡ ಹಾಗೇ. ಬರೆಯುವಾಗ ಏನೂ ಗೊತ್ತಾಗುವುದಿಲ್ಲ. ಟೈಪ್ ಮಾಡುವಾಗ ಕೈ ನಿಂತುಬಿಡುತ್ತದೆ.

ನಾನು ಏನು ಮಾಡಿದೆ ಗೊತ್ತಾ? ಎಲ್ಲರೂ ಮಾಡುವುದನ್ನೇ ಮಾಡಿದೆ. ಒಂದು ಪಟ್ಟಿ ಬರೆದೆ. ಎಡಕ್ಕೆ ಅಫೆಕ್ಟ್, ಬಲಕ್ಕೆ ಇಫೆಕ್ಟ್. ಎಡಕ್ಕೆ ಅಡಾಪ್ಟ್, ಬಲಕ್ಕೆ ಅಡೋಪ್ಟ್. ಹೀಗೆ ಸುಮಾರು 300 ಜೋಡಿ. ಪಕ್ಕದಲ್ಲಿ ಕನ್ನಡ ಅಕ್ಷರದಲ್ಲಿ ಉಚ್ಚಾರ, ಅದರ ಪಕ್ಕ ಕನ್ನಡದಲ್ಲಿ ಅರ್ಥ. ರಾತ್ರಿ ಕೂತು ಬಾಯಿಪಾಠ ಮಾಡಿದೆ. ಕೇಳಿದರೆ ಜೋಡಿ ಥಟ್ಟನೆ ಹೇಳುತ್ತಿದ್ದೆ. ಎಮಿನೆಂಟ್ ಅಂದರೆ ಇಮ್ಮಿನೆಂಟ್ ಕೂಡ ಬಾಯಿಗೆ ಬರುತ್ತಿತ್ತು. ಎರಡರಲ್ಲಿ "ಹೆಸರಾಂತ" ಯಾವುದು, "ಇನ್ನೇನು ಬಂದೇಬಿಡುವ" ಯಾವುದು ಅನ್ನುವುದು ಮಾತ್ರ ಆ ಕ್ಷಣಕ್ಕೆ ಹಾರಿಹೋಗುತ್ತಿತ್ತು. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ತಲೆಗೆ ಹಾಕಿಕೊಂಡಿದ್ದೆ. ಬಿಚ್ಚುವಾಗಲೂ ಎರಡೂ ಒಟ್ಟಿಗೇ ಹೊರಗೆ ಬರುತ್ತಿದ್ದವು. ಆಗ ಇದು ನನಗೆ ಹೊಳೆಯಲಿಲ್ಲ. ಇನ್ನೂ ಜಾಸ್ತಿ ಓದಬೇಕು ಅಂತಲೇ ಅಂದುಕೊಂಡೆ.

ಕಂಪ್ಯೂಟರ್ ಪರೀಕ್ಷೆ ಬೆಳಗಾವಿಯಲ್ಲೇ ಆಯಿತು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾಲ್ಕು ಆಯ್ಕೆ ಕಣ್ಣ ಮುಂದೆ ಇದ್ದರೆ ಹೇಗೋ ನಡೆಯುತ್ತದೆ. ನಾನು ದಾಟಿದೆ. ರಿಸಲ್ಟ್‌ಗೆ ಕಾಯುವುದರಲ್ಲಿ ತಿಂಗಳುಗಳು ಹೋದವು. ಆ ಸಮಯದಲ್ಲಿ ಡಿಕ್ಟೇಷನ್ ನಿಲ್ಲಿಸಬೇಡಿ. ನನ್ನ ಜೊತೆಗಿದ್ದ ಇಬ್ಬರು ರಿಸಲ್ಟ್ ಬಂದ ಮೇಲೆ ನೋಡೋಣ ಅಂತ ಊರಿಗೆ ಹೋದರು. ವಾಪಸ್ ಬಂದಾಗ ಅವರ ಸ್ಪೀಡ್ 80ರಿಂದ 60ಕ್ಕೆ ಇಳಿದಿತ್ತು.

ಸ್ಕಿಲ್ ಟೆಸ್ಟ್ ಬೆಂಗಳೂರಿನಲ್ಲಿ. ಅಪ್ಪ ಮತ್ತು ನಾನು ಬೆಳಗಾವಿಯಿಂದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದೆವು. ರಾತ್ರಿ ಇಡೀ ನನಗೆ ನಿದ್ದೆ ಇಲ್ಲ. ಬೆಳಿಗ್ಗೆ ಸ್ಟೇಷನ್‌ನಲ್ಲೇ ಮುಖ ತೊಳೆದು ಸೆಂಟರಿಗೆ ಹೋದೆವು. ನಾನು ಐದು ಪೆನ್ಸಿಲ್ ಕೆತ್ತಿಕೊಂಡು ಹೋಗಿದ್ದೆ.

ಆವತ್ತಿನ ಪ್ಯಾಸೇಜ್ ಕೈಮಗ್ಗ ಮತ್ತು ನೇಕಾರರ ಬಗ್ಗೆ. ಮೊದಲ ಸಾಲು ಕೇಳಿದ ತಕ್ಷಣ ಮೈ ಹಗುರಾಯಿತು. ಇದು ನಮ್ಮ ಮನೆಯ ವಿಷಯ, ನಮ್ಮ ಬೀದಿಯ ವಿಷಯ ಅನಿಸಿತು. 800 ಪದದಲ್ಲಿ ಒಂದನ್ನೂ ಬಿಡದೆ ಬರೆದೆ. ಆಮೇಲೆ ಕಂಪ್ಯೂಟರ್ ಮುಂದೆ ಕೂತೆ. ಏಳನೇ ಸಾಲಿಗೆ ಕೈ ನಿಂತಿತು.

ಸಾಲ ಮನ್ನಾಕ್ಕೆ ಇಂಗ್ಲಿಷಿನಲ್ಲಿ ವೇವರ್. ನೇಕಾರನಿಗೆ ವೀವರ್. ಪ್ಯಾಸೇಜ್‌ನಲ್ಲಿ ಎರಡೂ ಮತ್ತೆ ಮತ್ತೆ ಬಂದಿದ್ದವು. ಪಿಟ್‌ಮನ್‌ನಲ್ಲಿ ಇವೆರಡನ್ನು ಬೇರೆ ಮಾಡಲು ದಾರಿ ಇದೆ. ದೀರ್ಘ ಸ್ವರಗಳಿಗೆ ಎಲ್ಲ ಕ್ಲಾಸಿನಲ್ಲೂ ಒಂದು ವಾಕ್ಯ ಹೇಳಿಕೊಡುತ್ತಾರೆ: ಪಾ ಮೇ ವಿ ಆಲ್ ಗೋ ಟೂ. ಪಾ ಒಳಗಿನ ಸ್ವರಕ್ಕೆ ಮೊದಲ ಜಾಗ, ಮೇ ಒಳಗಿನದಕ್ಕೆ ಎರಡನೇ ಜಾಗ, ವಿ ಒಳಗಿನದಕ್ಕೆ ಮೂರನೇ ಜಾಗ. ಅದರ ಪ್ರಕಾರ ವೇವರ್ ನೋಟ್‌ಬುಕ್‌ನ ಗೆರೆಯ ಮೇಲೆ ಕೂಡಬೇಕು. ವೀವರ್ ಗೆರೆಯನ್ನು ಸೀಳಿಕೊಂಡು ಕೆಳಗೆ ಹೋಗಬೇಕು. ಓಟದಲ್ಲಿ ನಾನು ಎರಡನ್ನೂ ಗೆರೆಯ ಮೇಲೆ ಕೂರಿಸಿದ್ದೆ. ನನ್ನ ನೋಟ್‌ಬುಕ್‌ನಲ್ಲಿ ನೇಕಾರನೂ ಮನ್ನಾನೂ ಒಂದೇ ಆಗಿ ಕೂತಿದ್ದರು.

ವಾಕ್ಯ ಪೂರ್ತಿ ಓದಿ ಅರ್ಥ ಮಾಡಿಕೊಂಡಿದ್ದರೆ ಗೊತ್ತಾಗುತ್ತಿತ್ತು. ಆದರೆ ನನಗೆ ಪದ ಪದವಾಗಿ ಬಿಡಿಸುವ ಅಭ್ಯಾಸ. ಗಾಬರಿಯಲ್ಲಿ ಊಹೆ ಮಾಡುತ್ತಾ ಹೋದೆ. ಹೊರಗೆ ಬಂದು ಅಪ್ಪನ ಮುಖ ನೋಡಿದಾಗಲೇ ನನಗೆ ಅರಿವಾಯಿತು, ಮನ್ನಾ ಬರೆಯುವ ಕಡೆ ನೇಕಾರ ಅಂತ ಬರೆದು ಬಂದಿದ್ದೇನೆ ಅಂತ. ಅವರಿಗೆ ಹೇಳಲು ಆಗಲಿಲ್ಲ. ಅವರ ಕೆಲಸದ ಹೆಸರನ್ನೇ ನಾನು ತಪ್ಪಿದ್ದೆ.

ಲಿಸ್ಟ್ ಬಂದಾಗ ನನ್ನ ನಂಬರ್ ಇರಲಿಲ್ಲ. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಅವ್ವ ಕಂಡಕಿ ಸುತ್ತುತ್ತಾ, "ಇನ್ನೊಮ್ಮೆ ಬರಿಯಾಕ ಬರತೈತಿಲ್ಲೊ? ಮತ್ತ ಯಾಕ ಕುಂತಿ, ನಡಿ" ಅಂದಳು. ಬೆಳಗಾವಿಗೆ ವಾಪಸ್ ಬಂದೆ.

ಸರ್ ಬೈಯಲಿಲ್ಲ. ಸಂಸತ್ತಿನ ಹಳೆ ಭಾಷಣದ ಒಂದು ಪ್ಯಾಸೇಜ್ ಕೊಟ್ಟರು. ಬರೆದೆ, ಟೈಪ್ ಮಾಡಿದೆ. ಅವರು ಕೆಂಪು ಪೆನ್ ಹಿಡಿದು ಕೂತರು. 62 ತಪ್ಪು. ನನಗೆ ಅಳು ಬಂತು. ಅವರು ಆ 62ನ್ನು ಬೇರೆ ಬೇರೆ ಗುಂಪು ಮಾಡಿದರು. ಬಿಟ್ಟುಹೋದ ಪದ 9. ಬರೀ ಟೈಪಿಂಗ್ ತಪ್ಪು 16. ಉಳಿದ 37 ಎಲ್ಲವೂ ಅದಲು ಬದಲಾದ ಪದ.

"ನೋಡವಾ," ಅಂದರು, "ನಿನ್ನ ಕಿವಿ ಬರೋಬರಿ ಐತಿ, ಕೈ ಬರೋಬರಿ ಐತಿ. ತಪ್ಪು ಎಲ್ಲಾ ಒಂದ ಜಾತೀವು. ಇದೊಂದು ಸರಿ ಮಾಡ್ಕೊ, ಉಳಿದದ್ದು ತಾನ ಆಕ್ಕೈತಿ."

ಇದು ಎಲ್ಲರೂ ಮಾಡಬೇಕಾದ ಕೆಲಸ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಮಾರ್ಕು ಎಷ್ಟು ಬಂತು ಅಂತ ನೋಡಿ ಸುಮ್ನೆ ಪುಟ ತಿರುವಬೇಡಿ. ತಪ್ಪುಗಳನ್ನು ಜಾತಿ ಪ್ರಕಾರ ವಿಂಗಡಿಸಿ. ನನ್ನ 37ನ್ನು ಮತ್ತೆ ಒಡೆದು ನೋಡಿದಾಗ ಅದರಲ್ಲೂ ಎರಡು ಬೇರೆ ಬೇರೆ ರೋಗ ಇದ್ದವು.

ಮೊದಲನೆಯದು ನಮ್ಮ ಕಿವಿಯದ್ದು. ಕನ್ನಡದಲ್ಲಿ ಸ ಇದೆ. ಇಂಗ್ಲಿಷಿನ ಝಡ್ ಅಕ್ಷರದ ಸದ್ದು ನಮ್ಮಲ್ಲಿ ಇಲ್ಲ. ಹಾಗಾಗಿ ಬೆಲೆ ಅನ್ನುವ ಪ್ರೈಸ್, ಬಹುಮಾನ ಅನ್ನುವ ಪ್ರೈಝ್ ನಮಗೆ ಒಂದೇ. ಸಡಿಲ ಅನ್ನುವ ಲೂಸ್, ಕಳೆದುಕೊಳ್ಳುವ ಲೂಝ್ ಒಂದೇ. ಸಲಹೆ ಅನ್ನುವ ಅಡ್ವೈಸ್, ಸಲಹೆ ಕೊಡು ಅನ್ನುವ ಅಡ್ವೈಝ್ ಒಂದೇ. ಪಿಟ್‌ಮನ್ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ಪದದ ಕೊನೆಯಲ್ಲಿ ಎರಡು ಸದ್ದಿಗೂ ಅದೇ ಸಣ್ಣ ಸುತ್ತು ಹಾಕುತ್ತೇವೆ.

ನಮ್ಮ ಖೋಲಿಯಲ್ಲಿ ವಿಜಯಪುರದ ಒಬ್ಬ ಗೆಳತಿ ಇದ್ದಳು. ಅವಳ ಮನೆಮಾತು ಉರ್ದು. ಅವಳು ಈ ಜೋಡಿಗಳನ್ನು ಒಮ್ಮೆಯೂ ತಪ್ಪುತ್ತಿರಲಿಲ್ಲ. ಯಾಕೆ ಅಂತ ಕೇಳಿದಾಗ ಅವಳಿಗೂ ಹೇಳಲು ಬರಲಿಲ್ಲ. ಒಂದು ದಿನ ಅವಳು ಬೆಳಗಾವಿಯ ಪೇಟೆ ಖಡೇಬಜಾರ್‌ನ ಹೆಸರು ಹೇಳಿದಳು. ನಾನು ಹೇಳುವ ಬಜಾರ್‌ನ ಜ ಬೇರೆ, ಅವಳ ಜ ಬೇರೆ. ಉರ್ದುವಿನಲ್ಲಿ ಆ ಸದ್ದು ಇದೆ. ಅವಳ ಕಿವಿ ಮಗುವಾಗಿದ್ದಾಗಿನಿಂದ ಅದನ್ನು ಬೇರೆ ಮಾಡಿ ಕೇಳುತ್ತಾ ಬಂದಿದೆ. ಅವಳೇ ನನಗೆ ಗುರು ಆದಳು. ಗಂಟಲಿನ ಮೇಲೆ ಎರಡು ಬೆರಳು ಇಟ್ಟುಕೊಳ್ಳಿ. ಸ್ಸ್ ಅನ್ನಿ, ಗಂಟಲು ಸುಮ್ಮನಿರುತ್ತದೆ. ಬಾಯಿ ಹಾಗೇ ಇಟ್ಟು ಜೇನುನೊಣದ ಹಾಗೆ ಝ್ ಅನ್ನಿ, ಗಂಟಲು ನಡುಗುತ್ತದೆ. ಅಡಿಗೆ ಮಾಡುತ್ತಾ ಅವಳು ಒಂದು ಪದ ಹೇಳುವುದು, ನಾನು ಬೆಲೆಯೋ ಬಹುಮಾನವೋ ಅಂತ ಹೇಳುವುದು. ಒಂದು ತಿಂಗಳಾದ ಮೇಲೆ ನನಗೂ ಕೇಳಿಸತೊಡಗಿತು. ಮನಸ್ಸಿಗೆ ಆದ ಖುಷಿ ಹೇಳಲಾರೆ. ಇಷ್ಟು ವರ್ಷ ಅಲ್ಲೇ ಇದ್ದ ಸದ್ದು, ಈಗ ಕಿವಿಗೆ ಬಿತ್ತು.

ಅಡ್ವೈಸ್ ಬಗ್ಗೆ ಇನ್ನೊಂದು ಮಾತು. ವಸ್ತುವಿನ ಹೆಸರಾಗಿ ಬಂದಾಗ ಸಿ, ಕೆಲಸ ಹೇಳುವಾಗ ಎಸ್. ಪ್ರಾಕ್ಟೀಸ್, ಲೈಸೆನ್ಸ್ ಎರಡಕ್ಕೂ ಬ್ರಿಟಿಷ್ ಸ್ಪೆಲಿಂಗ್‌ನಲ್ಲಿ ಇದೇ ನಿಯಮ, ಉಚ್ಚಾರ ಮಾತ್ರ ಬದಲಾಗುವುದಿಲ್ಲ. ನಾನು ಅಭ್ಯಾಸ ಮಾಡುತ್ತಿದ್ದ ಕಂಪ್ಯೂಟರಿನಲ್ಲಿ ಭಾಷೆ ಅಮೆರಿಕದ ಇಂಗ್ಲಿಷ್ ಅಂತ ಇತ್ತು. ಎಸ್ ಹಾಕಿ ಸರಿಯಾಗಿ ಬರೆದ ಪ್ರಾಕ್ಟೀಸ್‌ಗೆ ಅದು ಕೆಂಪು ಗೆರೆ ಎಳೆಯುತ್ತಿತ್ತು. ನಾನು ತಿದ್ದಿ ತಪ್ಪು ಮಾಡುತ್ತಿದ್ದೆ. ಭಾಷೆಯನ್ನು ಇಂಡಿಯಾದ ಇಂಗ್ಲಿಷ್‌ಗೆ ಬದಲಾಯಿಸಿಕೊಳ್ಳಿ. ಅದಕ್ಕಿಂತ ಮುಖ್ಯವಾಗಿ, ಕೆಂಪು ಗೆರೆಯನ್ನೇ ನಂಬಿ ಕೂಡಬೇಡಿ. ವೀವರ್ ಬರೆಯುವಲ್ಲಿ ವೇವರ್ ಬರೆದರೆ ಯಾವ ಗೆರೆಯೂ ಬರುವುದಿಲ್ಲ. ಎರಡೂ ಸರಿಯಾದ ಪದಗಳೇ ಅಲ್ವಾ?

ಎರಡನೇ ರೋಗ ಜೋಡಿಯಲ್ಲಿ ಕಲಿತದ್ದು. ಇದಕ್ಕೆ ಔಷಧಿ ಸಿಕ್ಕಿದ್ದು ಮನೆಯಲ್ಲಿ. ಆ ಸಲ ಊರಿಗೆ ಹೋದಾಗ ಅಪ್ಪನ ಹತ್ತಿರ ಎರಡು ಥರದ ಕೆಂಪು ನೂಲು ಬಂದಿತ್ತು. ಒಂದು ಸ್ವಲ್ಪ ಗಾಢ, ಇನ್ನೊಂದು ಕುಂಕುಮದ ಕಡೆ. ನನಗೆ ಎರಡೂ ಒಂದೇ ಕಂಡವು. ಒಂದು ಲೂಮ್ ಇರುವ ಖೋಲಿಯ ಬಾಗಿಲ ಹತ್ತಿರ ಇತ್ತು, ಇನ್ನೊಂದು ಅಟ್ಟದ ಕೆಳಗೆ. ಯಾಕೆ ಹೀಗೆ ದೂರ ದೂರ ಅಂತ ಕೇಳಿದೆ. "ಎರಡೂ ಒಂದ ಕಡೆ ಇಟ್ರ ಕೈ ತಪ್ಪತೈತಿ ಯವ್ವಾ. ಬ್ಯಾರೆ ಬ್ಯಾರೆ ಮೂಲ್ಯಾಗ ಇಟ್ಟೀನಿ. ಇದು ಬೇಕಾದಾಗ ಇದರ ಮೂಲಿಗೆ ಹೋಗ್ತೀನಿ, ಅದರ ನೆನಪೂ ಆಗಂಗಿಲ್ಲ" ಅಂದರು.

ಆ ರಾತ್ರಿ ನನ್ನ 300 ಜೋಡಿಯ ಪಟ್ಟಿ ತೆಗೆದು ನೋಡಿದೆ. ಎರಡೂ ಕೆಂಪನ್ನು ನಾನು ಒಂದೇ ಬುಟ್ಟಿಯಲ್ಲಿ ಇಟ್ಟಿದ್ದೆ.

ಹಾಗಂತ ನಾವು ಕನ್ನಡದಲ್ಲಿ ಎಂದಾದರೂ ಹೀಗೆ ಕಲಿತಿದ್ದೇವಾ? ಹತ್ತು ಅಂದರೆ 10. ಹತ್ತು ಅಂದರೆ ಮೇಲೆ ಏರು. ನಮ್ಮ ಕಡೆ "ಮಳಿ ಹತ್ತೇತಿ" ಅಂದರೆ ಮಳೆ ಶುರುವಾಗಿದೆ ಅಂತ. ಯಾರೂ ನಮಗೆ ಮೂರನ್ನೂ ಪಕ್ಕ ಪಕ್ಕ ಬರೆದು ವ್ಯತ್ಯಾಸ ಹೇಳಿಕೊಟ್ಟಿಲ್ಲ. ಹತ್ತು ರೂಪಾಯಿ ಅಂಗಡಿಯಲ್ಲಿ ಕೇಳಿದೆವು. ಬಸ್ ಹತ್ತು ಅಂತ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದೆವು. ಒಂದೊಂದೂ ತನ್ನ ಜಾಗದಲ್ಲೇ ಸಿಕ್ಕಿತು, ಅದಕ್ಕೇ ಅದಲು ಬದಲು ಆಗುವುದಿಲ್ಲ.

ಪಟ್ಟಿ ಹರಿದುಹಾಕಿದೆ. ಖಡೇಬಜಾರ್‌ನಲ್ಲಿ ಎರಡು ನೋಟ್‌ಬುಕ್ ಕೊಂಡೆ, ಒಂದು ನೀಲಿ, ಒಂದು ಹಸಿರು. ಎರಡೂ ಸೇರಿ 90 ರೂಪಾಯಿ. ಜೋಡಿಯಲ್ಲಿ ಒಂದು ಪದ ಮಾತ್ರ ನೀಲಿಗೆ. ಅದರ ಜೊತೆಗಾರ ಹಸಿರಿಗೆ, ಅದೂ ಒಂದು ತಿಂಗಳು ಬಿಟ್ಟು, ಮೊದಲನೆಯದು ಗಟ್ಟಿಯಾದ ಮೇಲೆ. ಕನ್ನಡ ಅಕ್ಷರದಲ್ಲಿ ಉಚ್ಚಾರ ಬರೆಯುವುದನ್ನು ಪೂರ್ತಿ ನಿಲ್ಲಿಸಿದೆ. ಕನ್ನಡ ಅಕ್ಷರಕ್ಕೆ ಬಂದ ತಕ್ಷಣ ಎರಡು ಪದ ಒಂದಾಗಿಬಿಡುತ್ತಿದ್ದವು. ಅರ್ಥದ ಬದಲು ಪ್ಯಾಸೇಜ್‌ನಲ್ಲಿ ಆ ಪದ ಬಂದ ಮೂರು ವಾಕ್ಯ ಬರೆದೆ, ಜೊತೆಗೆ ಅದರ ನೆಂಟರನ್ನೂ.

ನೆಂಟರು ಅಂದರೆ ಅದರ ಅಕ್ಕಪಕ್ಕ ಯಾವಾಗಲೂ ಬರುವ ಪದಗಳು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನನಗೆ ಜಾಸ್ತಿ ಉಪಯೋಗ ಆಗಿದ್ದು ಇದೇ. ಇಮ್ಮಿನೆಂಟ್ ಜೊತೆ ಅಪಾಯ ಬರುತ್ತದೆ, ಎಮಿನೆಂಟ್ ಜೊತೆ ವಿಜ್ಞಾನಿ, ನ್ಯಾಯಾಧೀಶ, ಅಂತೂ ಒಬ್ಬ ಮನುಷ್ಯ. ಅಡ್ವರ್ಸ್ ಆದ ಮೇಲೆ ಪರಿಣಾಮ ಅಥವಾ ಪರಿಸ್ಥಿತಿ ಬರುತ್ತದೆ. ಅವರ್ಸ್ ಆದ ಮೇಲೆ ಟು ಬರುತ್ತದೆ, ಒಬ್ಬರಿಗೆ ಏನೋ ಇಷ್ಟ ಇಲ್ಲ ಅಂತ. ಎಕನಾಮಿಕ್ ಜೊತೆ ನೀತಿ, ಸಮೀಕ್ಷೆ, ಬೆಳವಣಿಗೆ. ಎಕನಾಮಿಕಲ್ ಅಂದರೆ ಕಡಿಮೆ ಖರ್ಚಿನದು, ಒಂದು ಗಾಡಿಯೋ ಒಲೆಯೋ. ಎಲ್-ಇ ಇರುವ ಪ್ರಿನ್ಸಿಪಲ್ ಸಂವಿಧಾನದ ನಾಲ್ಕನೇ ಭಾಗದಲ್ಲಿ ಇದೆ, ರಾಜ್ಯ ನೀತಿಯ ನಿರ್ದೇಶಕ ತತ್ವಗಳು. ಎ-ಎಲ್ ಇರುವುದು ನಮ್ಮ ಮನೆಯಲ್ಲೇ ಇದೆ, ಲೂಮ್ ಸಾಲದ ಕಾಗದದಲ್ಲಿ ಅಸಲಿನ ಮುಂದೆ. ಅಸಲಿಗೆ ಅ, ಹಾಗಾಗಿ ಎ-ಎಲ್. ಇದನ್ನು ನಾನು ಒಮ್ಮೆ ನೋಡಿದವಳು ಮತ್ತೆ ತಪ್ಪಲಿಲ್ಲ.

ಅಡೋಪ್ಟ್ ಸಿಕ್ಕಿದ್ದು ಸಂವಿಧಾನದ ಪೀಠಿಕೆಯಲ್ಲಿ. 1949ರ ನವೆಂಬರ್ 26ರಂದು ನಾವು ಅದನ್ನು ಅಂಗೀಕರಿಸಿದೆವು ಅನ್ನುವ ಕಡೆ ಆ ಪದ ಇದೆ. ಮಗುವನ್ನು ದತ್ತು ತೆಗೆದುಕೊಳ್ಳುವುದಕ್ಕೂ ಅದೇ. ಅಂದರೆ ನಮ್ಮದು ಅಂತ ಒಪ್ಪಿಕೊಳ್ಳುವುದು. ಕೌನ್ಸಿಲ್ ಅಂದರೆ ಪರಿಷತ್ತು. ಅದಕ್ಕೆ ನನಗೆ ಬೆಳಗಾವಿಯ ಸುವರ್ಣ ವಿಧಾನಸೌಧ ಸಾಕು. ಚಳಿಗಾಲದ ಅಧಿವೇಶನಕ್ಕೆ ವಿಧಾನ ಪರಿಷತ್ತು ಅಲ್ಲೇ ಸೇರುತ್ತದೆ. ಕೋರ್ಟಿನಲ್ಲಿ ವಾದ ಮಾಡುವ ವಕೀಲರಿಗೆ ಕೌನ್ಸೆಲ್. ಅದನ್ನು ಹಸಿರು ನೋಟ್‌ಬುಕ್‌ನಲ್ಲಿ ಎರಡು ತಿಂಗಳು ಬಿಟ್ಟು ಬರೆದೆ.

ಕೆಲವು ಪದಗಳ ಹುಟ್ಟು ತಿಳಿದರೆ ಮರೆಯುವುದೇ ಇಲ್ಲ. ಸ್ಟೇಷನರಿ ಎರಡು ಥರ ಇದೆ. ಎ-ಆರ್-ವೈ ಇರುವುದು ನಿಂತಲ್ಲೇ ನಿಂತದ್ದು. ಇ-ಆರ್-ವೈ ಇರುವುದು ಕಾಗದ, ಪೆನ್ನು. ಹಿಂದೆ ಯುರೋಪಿನಲ್ಲಿ ಹೊತ್ತು ಮಾರುವವರೇ ಜಾಸ್ತಿ ಇದ್ದರಂತೆ. ವಿಶ್ವವಿದ್ಯಾಲಯಗಳ ಹತ್ತಿರ ಪುಸ್ತಕದವರು ಮಾತ್ರ ಒಂದೇ ಜಾಗದಲ್ಲಿ ಅಂಗಡಿ ಹಾಕಿ ನಿಂತರು. ನಿಂತು ಮಾರುವವನು ಸ್ಟೇಷನರ್, ಅವನು ಮಾರುವ ಸಾಮಾನು ಸ್ಟೇಷನರಿ. ಸರ್ ಇದನ್ನು ಹೇಳಿದ ದಿನ ಖಡೇಬಜಾರ್‌ನಲ್ಲಿ ತಳ್ಳುಗಾಡಿಯವರನ್ನೂ ಅಂಗಡಿಯವರನ್ನೂ ನೋಡುತ್ತಾ ನಡೆದೆ. ಸ್ಟೇಷನರ್‌ನ ಇ-ಆರ್ ಹಾಗೇ ಉಳಿದಿದೆ ಅಷ್ಟೇ.

ಅಫೆಕ್ಟ್, ಇಫೆಕ್ಟ್ ಬಗ್ಗೆ ಎಚ್ಚರಿಕೆ ಕೊಡಲೇಬೇಕು. ಎ ಇರುವುದು ಕ್ರಿಯಾಪದ, ಇ ಇರುವುದು ನಾಮಪದ ಅಂತ ಎಲ್ಲ ಪುಸ್ತಕದಲ್ಲೂ ಇದೆ. ಬಹುಪಾಲು ಅದು ಸರಿ. ಆದರೆ ಸಂಸತ್ತಿನ ಭಾಷಣಗಳಲ್ಲಿ ಇ ಇರುವ ಇಫೆಕ್ಟ್ ಕ್ರಿಯಾಪದವಾಗಿಯೂ ಬರುತ್ತದೆ. ಆಗ ಅದರ ಅರ್ಥ ಜಾರಿಗೆ ತರು, ಆಗುವಂತೆ ಮಾಡು. ಬದಲಾವಣೆಗೆ ಎ ಹಾಕಿದರೆ ಬದಲಾವಣೆಯ ಮೇಲೆ ಪರಿಣಾಮ ಬೀರು ಅಂತ ಆಗುತ್ತದೆ. ಇ ಹಾಕಿದರೆ ಬದಲಾವಣೆ ತಾ ಅಂತ. ಇದನ್ನು ನಿಯಮದಿಂದ ಹಿಡಿಯಲು ಆಗುವುದಿಲ್ಲ. ವಾಕ್ಯ ಏನು ಹೇಳುತ್ತಿದೆ ಅಂತ ನೋಡಲೇಬೇಕು.

ಅದಕ್ಕೇ ಟೈಪ್ ಮಾಡುವ ಕ್ರಮವನ್ನೇ ಬದಲಾಯಿಸಿದೆ. 50 ನಿಮಿಷದಲ್ಲಿ ಮೊದಲ 6 ನಿಮಿಷ ಕೀಬೋರ್ಡ್ ಮುಟ್ಟುವುದಿಲ್ಲ. ನೋಟ್‌ಬುಕ್‌ನಲ್ಲಿ ಇರುವುದನ್ನು ಮನಸ್ಸಿನಲ್ಲೇ ಓದಿ, ಇದು ಯಾವುದರ ಬಗ್ಗೆ ಅಂತ ನನಗೆ ನಾನೇ ಕನ್ನಡದಲ್ಲಿ ಹೇಳಿಕೊಳ್ಳುತ್ತೇನೆ. ಅನುಮಾನ ಬಂದ ಪದದ ಕೆಳಗೆ ಚುಕ್ಕೆ ಇಡುತ್ತೇನೆ. ಮೊದಮೊದಲು ಆ 6 ನಿಮಿಷ ಜೀವ ಹೋದ ಹಾಗೆ ಅನಿಸುತ್ತಿತ್ತು, ಪಕ್ಕದವರ ಕೀಬೋರ್ಡ್ ಸದ್ದು ಕೇಳುತ್ತಾ ಕೂಡಬೇಕು. ಆದರೆ ಐದು ತಿಂಗಳಲ್ಲಿ 62 ತಪ್ಪು 20ರ ಹತ್ತಿರಕ್ಕೆ ಬಂತು.

ಕಾಗದಪತ್ರದ ಕಥೆ ಬೇರೆಯೇ ಇದೆ. ನನ್ನ ಹೆಸರಿನಲ್ಲಿ ಒಂದು ತ ಇದೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಅದಕ್ಕೆ ಟಿ-ಎಚ್. ಆಧಾರ್‌ನಲ್ಲಿ ಬರೀ ಟಿ. ಕನ್ನಡದಲ್ಲಿ ಬರೆದರೆ ನಾನು ಒಬ್ಬಳೇ, ಇಂಗ್ಲಿಷಿನಲ್ಲಿ ಇಬ್ಬರು. ಸುಮ್ಮನೆ ಬಿಟ್ಟರೆ ದಾಖಲೆ ನೋಡುವಾಗ ತಕರಾರು ಬರುತ್ತದೆ ಅಂತ ಸರ್ ಮೊದಲೇ ಹೇಳಿದರು. ಅರ್ಜಿ ತುಂಬುವಾಗ ಹತ್ತನೇ ಕ್ಲಾಸಿನ ಹೆಸರೇ ಆಧಾರ. ಹಾಗಾಗಿ ಆಧಾರ್ ತಿದ್ದಿಸಿದೆ. ಆಧಾರ್‌ನಲ್ಲಿ ಹೆಸರನ್ನು ಜೀವನದಲ್ಲಿ ಎರಡೇ ಸಲ ಬದಲಾಯಿಸಬಹುದು. ಒಂದೊಂದು ಅಕ್ಷರ ನೋಡಿ ಕೊಡಿ. ಇನ್ನೊಂದು, ಒಬಿಸಿ ಮೀಸಲಾತಿ ಕೇಳುವವರಿಗೆ ರಾಜ್ಯದ ಜಾತಿ-ಆದಾಯ ಪ್ರಮಾಣಪತ್ರ ಇಲ್ಲಿ ನಡೆಯುವುದಿಲ್ಲ. ಕೇಂದ್ರ ಸರ್ಕಾರದ ನಮೂನೆಯಲ್ಲಿ ಬೇರೆ ಮಾಡಿಸಬೇಕು. ನಾನು ಮೊದಲು ರಾಜ್ಯದ ನಮೂನೆಯನ್ನೇ ತುಂಬಿಕೊಂಡು ಹೋಗಿದ್ದರಿಂದ ಎರಡು ಸಲ ಓಡಾಡಿದೆ.

ಎರಡನೇ ಸ್ಕಿಲ್ ಟೆಸ್ಟ್‌ಗೆ ಒಬ್ಬಳೇ ಹೋದೆ. ಅದೇ ರೈಲು. ಈ ಸಲ ಪ್ಯಾಸೇಜ್ ನೀರಾವರಿ ಬಗ್ಗೆ. 6 ನಿಮಿಷ ಕೈ ಕಟ್ಟಿ ಕೂತು ಓದಿದೆ. ಚುಕ್ಕೆ ಇಟ್ಟಿದ್ದು 11 ಪದಕ್ಕೆ. ಅದರಲ್ಲಿ ಒಂದು ವೇವರ್, ರೈತರ ನೀರಿನ ಬಾಕಿಯ ಬಗ್ಗೆ. ಈ ಸಲ ಅದು ಗೆರೆಯ ಮೇಲೆ ಸರಿಯಾಗಿ ಕೂತಿತ್ತು. ನನಗೆ ಕಣ್ಣು ತುಂಬಿ ಬಂತು, ಒರೆಸಿಕೊಂಡು ಟೈಪ್ ಮಾಡಿದೆ. ಮುಗಿಸಿದಾಗ 3 ನಿಮಿಷ ಉಳಿದಿತ್ತು.

ಖರ್ಚು ಕೇಳುವವರಿಗೆ: ಬೆಳಗಾವಿಯಲ್ಲಿ ಇದ್ದ 20 ತಿಂಗಳಿಗೆ ಬಾಡಿಗೆ, ಕ್ಲಾಸಿನ ಫೀ ಎರಡೇ ಸೇರಿ 50,000 ರೂಪಾಯಿ. ಊಟ, ಎರಡು ಸಲದ ಬೆಂಗಳೂರು, ಪುಸ್ತಕ ಬೇರೆ. ಮೊದಲ ದಿನದಿಂದಲೇ ಎರಡು ನೋಟ್‌ಬುಕ್ ಇಟ್ಟಿದ್ದರೆ ಇದರಲ್ಲಿ ಅರ್ಧ ಉಳಿಯುತ್ತಿತ್ತು ಅಂತ ನನಗೆ ಅನಿಸುತ್ತದೆ.

ಮೊನ್ನೆ ಖೋಲಿ ಖಾಲಿ ಮಾಡಲು ಬೆಳಗಾವಿಗೆ ಹೋಗಿದ್ದೆ. ಅಥಣಿ ಕಡೆಯ ಒಬ್ಬ ಹುಡುಗಿ ಹೊಸದಾಗಿ ಕ್ಲಾಸಿಗೆ ಸೇರಿದ್ದಾಳೆ, ನನ್ನ ಮಂಚ ಈಗ ಅವಳದು. "ಅಕ್ಕಾ, ನಿಮ್ಮ ಎರಡೂ ನೋಟ್‌ಬುಕ್ ಕೊಡ್ರಿ, ಒಮ್ಮೆಲೇ ಝೆರಾಕ್ಸ್ ಮಾಡಸ್ತೀನಿ" ಅಂದಳು. ನೀಲಿಯದನ್ನು ಮಾತ್ರ ಕೊಟ್ಟೆ. ಹಸಿರು ನೋಟ್‌ಬುಕ್ ಬ್ಯಾಗಿನಲ್ಲಿ ಹಾಕಿಕೊಂಡು ಬನಹಟ್ಟಿಗೆ ತಂದಿದ್ದೇನೆ. ಅವಳು ನೀಲಿ ಮುಗಿಸಿ ಫೋನ್ ಮಾಡಿದ ಮೇಲೆ ಕಳಿಸುತ್ತೇನೆ.